ಅಶ್ವಿನಿ ಓದಿ ಹೇಳಿದ್ದು

ಡಾಕ್ಟರು ಕೇಳಿದಾಗ ನಾನು ನಿಜ ಹೇಳಲಿಲ್ಲ. ನನ್ನ ಅಕ್ಕ ಎದುರಿನ ಮಂಚದಲ್ಲೇ ಇದ್ದಳು. ಅವಳ ಮಗಳೂ ಅಲ್ಲೇ ನಿಂತಿದ್ದಳು.

ಅಕ್ಕನಿಗೆ ಶುಗರ್ ಹಳೆಯದು. ಬಲಗಾಲಿನ ಕಿರುಬೆರಳ ಬಳಿ ಗುಳ್ಳೆ ಎದ್ದಾಗ ಚಪ್ಪಲಿ ಕಚ್ಚಿದ್ದೆಂದುಕೊಂಡೆವು. ಅದು ಒಡೆದು ಹುಣ್ಣಾಯಿತು. ನೋವಿರಲಿಲ್ಲ, ಹಾಗಾಗಿ ಹೆದರಿಕೆಯೂ ಇರಲಿಲ್ಲ. ಮುಂಬೈ ಪಕ್ಕದ ಠಾಣೆ ಊರಿನ ಆಸ್ಪತ್ರೆಯಲ್ಲಿ, ಸತ್ತ ಚರ್ಮ ಕತ್ತರಿಸಿ ತೆಗೆದು ಡ್ರೆಸ್ಸಿಂಗ್ ಮಾಡಬೇಕೆಂದರು. ಕತ್ತರಿಸುವುದೆಂದ ಕೂಡಲೇ ಅಕ್ಕ ಬೆದರಿದಳು. ಭಾವ ತೀರಿಕೊಂಡ ಮೇಲೆ ಅಕ್ಕನ ಮನೆಯಲ್ಲಿ ತೀರ್ಮಾನವೆಲ್ಲ ನನ್ನದು. ಬೇರೆ ದಾರಿ ನೋಡುವ ಎಂದೆ.

ನಾನು ಓದಿದ್ದು ಏಳನೇ ಕ್ಲಾಸು. ಡೊಂಬಿವಲಿಯ ಹೋಟೆಲೊಂದರಲ್ಲಿ ಕ್ಯಾಪ್ಟನ್, ಅಂದರೆ ಬಡಿಸುವವರ ಮೇಲಿನವ. ಇಂಗ್ಲಿಷ್ ಓದಲು ಬಾರದು. ಅಕ್ಕನ ಮಗಳು ಅಶ್ವಿನಿ ನವಿ ಮುಂಬೈಯಲ್ಲಿ ಹಾಸ್ಟೆಲಿನಲ್ಲಿದ್ದು ನರ್ಸಿಂಗ್ ಕಲಿಯುತ್ತಿದ್ದಳು. ಅವಳನ್ನು ಸೈಬರ್ ಕೆಫೆಗೆ ಕರೆದೊಯ್ದು, ಮೊದಲು ಬಂದ ಸೈಟನ್ನೇ ಓದಿಸಿದೆ. ಗಿಡಮೂಲಿಕೆಯ ಪುಡಿ. ಕತ್ತರಿ ಬೇಡ, ಖಾತ್ರಿ ಗುಣ. ಕೆಳಗೆ ಗುಣವಾದವರ ಹೊಗಳಿಕೆ, ಸಾಲು ಸಾಲು.

"ಮಾಮಾ, ಯೇ ಸಬ್ ಆ್ಯಡ್ ಹೈ, ಬರೀ ಜಾಹೀರಾತು," ಎಂದಳು. "ನಮ್ಮ ಕಾಲೇಜ್ ಲೈಬ್ರರಿಯಲ್ಲಿ ನೋಡ್ತೇನೆ, ಅಲ್ಲಿವರೆಗೆ ರುಕೋ."

ಕೆಲವು ದಿನ ಬಿಟ್ಟು ಪ್ರಿಂಟ್ ಹಿಡಿದು ಹೋಟೆಲಿಗೇ ಬಂದಳು. ಲೈಬ್ರರಿಯ ಕಂಪ್ಯೂಟರಿನಲ್ಲಿ ಡೇಟಾಬೇಸ್‌ಗಳಿವೆಯಂತೆ. ಡಾಕ್ಟರರ ಅಧ್ಯಯನ ಹುಡುಕಲು ಒಂದು, ನರ್ಸುಗಳ ಆರೈಕೆಯ ಬರಹಕ್ಕೆ ಒಂದು, ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದ್ದಕ್ಕೆ ಇನ್ನೊಂದು. ಹುಣ್ಣು ತೊಳೆದು ಕಟ್ಟುವುದು ನರ್ಸಿನ ಕೆಲಸ, ಹಾಗಾಗಿ ಡಾಕ್ಟರರದ್ದೊಂದರಲ್ಲೇ ಹುಡುಕಿದರೆ ಸಾಲದೆಂದು ಮೂರರಲ್ಲೂ ಹುಡುಕಿದ್ದಳು. ಸತ್ತ ಚರ್ಮ ತೆಗೆಯಿರಿ, ಕಾಲಿಗೆ ಭಾರ ಕೊಡಬೇಡಿ ಎಂದು ಎಲ್ಲ ಕಡೆಯೂ ಇತ್ತು. ಪುಡಿಯ ಬಗ್ಗೆ ಮಾತ್ರ, ನಡೆದ ಅಧ್ಯಯನ ಕಡಿಮೆ, ಖಚಿತವಾಗಿ ಹೇಳಲಾಗದು ಎಂದಿತ್ತು.

ನಾನು ನಕ್ಕೆ. "ಗೊತ್ತಿಲ್ಲ ಅಂತ ಬರೀಲಿಕ್ಕೆ ಅಷ್ಟು ಓದ್ಬೇಕಾ ಮಾರಾಯ್ತಿ? ಎಲ್ಲಿ ರಶ್ಶೋ ಅಲ್ಲಿ ಊಟ ಒಳ್ಳೇದಿರ್ತದೆ. ನಿನ್ನ ಲೈಬ್ರರಿ ಖಾಲಿ ಹೋಟ್ಲು."

"ಮಾಮಾ, ಪ್ಲೀಸ್. ಅಮ್ಮನಿಗೆ ನಾನೇ ಹೇಳ್ತೇನೆ."

"ಬಾಯಿ ಮುಚ್ಚು. ಅವಳನ್ನು ಹೆದರಿಸ್ಬೇಡ."

ನಿನ್ನೆಯ ವಡೆಯನ್ನು ಸಾಂಬಾರಿನಲ್ಲಿ ಮುಳುಗಿಸಿ 'ತಾಜಾ ಹೈ ಸಾಬ್' ಎಂದು ಬಡಿಸಿದವನು ನಾನು. ಮಾರುವವನು ಹೇಗೆ ಮಾತಾಡುತ್ತಾನೆಂದು ನನಗೆ ಯಾರೂ ಕಲಿಸಬೇಕಿರಲಿಲ್ಲ. ಆದರೂ ಪುಡಿ ತರಿಸಿದೆ.

ಮೆತ್ತಿದ ಪುಡಿ ಹಸಿರು ಹಕ್ಕಳೆಯಾಗಿ ಗಟ್ಟಿಯಾಯಿತು. ಒತ್ತಿದರೆ ಅಂಚಿನಿಂದ ಕೀವು ಜಿನುಗುತ್ತಿತ್ತು. ಮನೆಯಲ್ಲಿ ಸತ್ತ ಇಲಿಯ ನಾತ. ನಾನು ಮೂಗು ಮುಚ್ಚಿಕೊಂಡು ಅಗರಬತ್ತಿ ಹಚ್ಚುತ್ತಿದ್ದೆ, ಕೊಳೆಯೆಲ್ಲ ಹೊರಗೆ ಬರುತ್ತಿದೆ ಅಕ್ಕಾ ಎನ್ನುತ್ತಿದ್ದೆ. ಅವಳು ನಂಬುತ್ತಿದ್ದಳು. ಆ ನಾತ ನೆನಪಾದರೆ ಈಗಲೂ ತಟ್ಟೆ ಬಿಟ್ಟು ಏಳುತ್ತೇನೆ. ಅದಕ್ಕಿಂತಲೂ ನನ್ನ ಆ ಸಮಾಧಾನದ ದನಿ ನೆನಪಾದರೆ ಹೇಸಿಗೆ. ಕೊನೆಗೆ ಚಳಿಜ್ವರ ಬಂದು ಮಾತು ತೊದಲಿದಾಗ ರಿಕ್ಷಾದಲ್ಲಿ ಆಸ್ಪತ್ರೆಗೆ ಹೊತ್ತೊಯ್ದೆ.

ಎರಡು ಬೆರಳು ತೆಗೆದರು.

"ಯೇ ಲೇಪ್ ಕಿಸ್ನೇ ಬೋಲಾ?" ಈ ಲೇಪ ಹಚ್ಚಲು ಹೇಳಿದ್ದು ಯಾರೆಂದು ಡಾಕ್ಟರು ಸಿಟ್ಟಿನಲ್ಲಿ ಕೇಳಿದರು.

ನಾನು ಅಶ್ವಿನಿಯ ಕಡೆ ಕೈ ತೋರಿಸಿದೆ. "ನರ್ಸಿಂಗ್ ಪಢ್ತೀ ಹೈ. ಇಸ್ನೇ ಕಂಪ್ಯೂಟರ್ ಮೇಂ ಪಢ್ಕೇ ಬತಾಯಾ." ನರ್ಸಿಂಗ್ ಕಲಿಯುವ ಇವಳೇ ಕಂಪ್ಯೂಟರಿನಲ್ಲಿ ಓದಿ ಹೇಳಿದ್ದು ಎಂದೆ.

ಓದಿದವಳು ಅವಳೇ. ಒಂದಕ್ಷರವೂ ಸುಳ್ಳಲ್ಲ. ಅಷ್ಟು ಕೊಳಕು ಮಾತನ್ನು ನಾನು ಇನ್ನೊಮ್ಮೆ ಆಡಿಲ್ಲ. ಅವಳು ನನ್ನನ್ನೇ ನೋಡಿದಳು.

ಮನೆಗೆ ಬಂದ ಮೇಲೆ ಅಶ್ವಿನಿ ರಜೆ ಹಾಕಿ ತಾನೇ ಡ್ರೆಸ್ಸಿಂಗ್ ಮಾಡಿದಳು. ಅಕ್ಕ ಮಗಳ ಮುಖ ನೋಡದೆ ಗೋಡೆಗೆ ಮುಖ ಮಾಡಿ ಮಲಗುತ್ತಿದ್ದಳು. ಗಾಯ ನಿಧಾನಕ್ಕೆ ಕೆಂಪಾಗಿ, ಶುದ್ಧವಾಗಿ ತುಂಬಿಕೊಳ್ಳುತ್ತಿತ್ತು. ಪಾದ ಉಳಿಯುತ್ತದೆ ಎಂದರು ಡಾಕ್ಟರು. ಆ ಉಪಕಾರ ಯಾರದೆಂದು ನನಗೆ ಗೊತ್ತಿತ್ತು.

ಒಂದು ಬೆಳಿಗ್ಗೆ ಅಕ್ಕ ನನಗೆ ಹೇಳಿದಳು: "ಹೆತ್ತ ಅಮ್ಮನ ಕಾಲು ಕೊಳೆಸಿದವಳು ನಾಳೆ ಯಾರನ್ನು ಉಳಿಸ್ಲಿಕ್ಕುಂಟು? ಸಾಕು ಅವಳ ಓದು. ನೀನೇ ಹೋಗಿ ಹೆಸರು ತೆಗೆಸು."

ಬ್ಯಾಂಡೇಜು ಸುತ್ತುತ್ತಿದ್ದ ಅಶ್ವಿನಿಯ ಕೈ ನಿಂತಿತು. ಆಗಲೂ ಅವಳು ನನ್ನ ಹೆಸರೆತ್ತಲಿಲ್ಲ.

ನಾನು ನೆಲದ ಮೇಲೆ, ಅಕ್ಕನ ಕಾಲ ಬಳಿ ಕೂತೆ.

"ಅಕ್ಕಾ, ಪುಡಿ ಬೇಡ ಅಂತ ಇವಳು ಬೇಡಿಕೊಂಡಿದ್ಳು. ನಿನಗೆ ಹೇಳದ ಹಾಗೆ ಬಾಯಿ ಮುಚ್ಚಿಸಿದ್ದು ನಾನು. ಡಾಕ್ಟರರ ಎದುರು ಇವಳ ತಲೆಗೆ ಕಟ್ಟಿದ್ದೂ ನಾನೇ. ನಿನ್ನ ಬೆರಳು ಹೋದದ್ದು ನನ್ನಿಂದ. ತಪ್ಪಾಯ್ತಕ್ಕಾ. ಅಶ್ವಿನೀ, ನಿನ್ನ ಹತ್ರವೂ ಕೇಳ್ತೇನೆ. ತಪ್ಪಾಯ್ತು ಮಗಾ."