ಯಾವುದಕ್ಕೆ ಹೋಲಿಸಿ ನೋಡಿದಿರಿ?

ಲೈನ್‌ಮನ್‌ಗಳು ಕರೆಂಟಿನ ತಂತಿ ಮುಟ್ಟಲು ಬಳಸುವ ಕೋಲುಗಳಿಗೆ ಲಕ್ಷ ವೋಲ್ಟ್ ಕೊಟ್ಟು ಪರೀಕ್ಷಿಸುವ ಶೆಡ್ಡು ಗೋಕುಲ ರಸ್ತೆಯಲ್ಲಿತ್ತು. ನಾನು ಅಲ್ಲಿ ಕೆಲಸಕ್ಕಿದ್ದೆ. ನಮ್ಮ ಮೀಟರುಗಳು ನಿಜ ಹೇಳುತ್ತಿವೆಯೇ ಎಂದು ನೋಡಲು ವರ್ಷಕ್ಕೊಮ್ಮೆ ಒಬ್ಬ ಮೇಡಂ ಬರುತ್ತಿದ್ದರು. ಬಂದವರೇ ಎರಡು ತಾಮ್ರದ ಗೋಳಗಳನ್ನು ಹಳೆಯ ಸೀರೆಯ ತುಂಡಿನಿಂದ ಒರೆಸಿ, ನಡುವಿನ ಅಂತರ ಅಳೆದು ನಿಲ್ಲಿಸುತ್ತಿದ್ದರು. ಇಷ್ಟು ಅಂತರಕ್ಕೆ ಇಷ್ಟೇ ವೋಲ್ಟಿಗೆ ಕಿಡಿ ಹಾರಬೇಕು. ಮೀಟರು ಅದನ್ನೇ ತೋರಿಸಬೇಕು.

ಆ ವರ್ಷ ಮಾಲೀಕನ ಅವಸರಕ್ಕೆ, ಅವರು ಬರುವ ಮೊದಲೇ ದೊಡ್ಡ ಮೀಟರಿಗೆ ‘ಸರಿ ಇದೆ’ ಎಂಬ ಚೀಟಿ ಅಂಟಿಸಿಬಿಟ್ಟಿದ್ದೆ.

“ಯಾವುದಕ್ಕ ಹೋಲಿಸಿ ನೋಡೀರಿ?” ಎಂದರು ಮೇಡಂ. ಯಾವಾಗಲೂ ಅವರದು ಅದೊಂದೇ ಪ್ರಶ್ನೆ.

“ಸಣ್ಣ ಮೀಟರಿಗೆ, ಮೇಡಂ.”

“ಸಣ್ಣದನ್ನ ಯಾವುದಕ್ಕ ಹೋಲಿಸೀರಿ?”

“ದೊಡ್ಡದಕ್ಕರಿ.”

ಈಗಲೂ ನೆನೆದರೆ ನನ್ನ ಮೇಲೆ ನನಗೇ ಸಿಟ್ಟು ನೆತ್ತಿಗೇರುತ್ತದೆ.

ಮೇಡಂ ಚೀಟಿಯನ್ನು ಉಗುರಿನಿಂದ ಕೆರೆದು ಕಿತ್ತರು. ಎಂಬತ್ತು ಸಾವಿರ ವೋಲ್ಟಿಗೆ ಗೋಳಗಳ ನಡುವೆ ಕಿಡಿ ಹಾರಿದಾಗ, ನಮ್ಮ ಮೀಟರು ಲಕ್ಷ ತೋರಿಸುತ್ತಿತ್ತು. ಪಾಸಾದ ಒಂದು ಕೋಲೂ ಲಕ್ಷ ವೋಲ್ಟನ್ನು ಕಂಡೇ ಇರಲಿಲ್ಲ.

“ಕೋಲು ಒಯ್ಯಾಕ ಲಾರಿ ನಿಂತೈತ್ರಿ ಮೇಡಂ. ಈ ಸಲ ಸಹಿ ಹಾಕಿಬಿಡ್ರಿ,” ಎಂದ ಮಾಲೀಕ.

ಅವರು ಒಂದು ಕೋಲು ತೆಗೆದು ಅವನ ಎದೆಗೆ ಚಾಚಿದರು. “ಇದನ್ನ ಹಿಡ್ಯಾಂವ ಮನಶ್ಯಾ ಅಲ್ಲೇನ್ರಿ? ಹಿಡೀರಿ! ಮೊದಲ ನೀವ ತಂತಿ ಮುಟ್ರಿ, ಆಮ್ಯಾಲ ಸಹಿ ಹಾಕ್ತೇನಿ.”

ಮಾಲೀಕ ಕೋಲು ಹಿಡಿಯಲಿಲ್ಲ. ನೀನಾದರೂ ಹಿಡಿ ಎನ್ನುವಂತೆ ನನ್ನತ್ತ ನೋಡಿದ. ಚೀಟಿ ಅಂಟಿಸಿದ ನನ್ನ ಕೈಗಳು ಆಗಲೇ ಬೆನ್ನ ಹಿಂದೆ ಹೋಗಿದ್ದವು.