ಕೈಗುಣವಲ್ಲ, ಅವರೆಕಾಯಿ ಹುಳ

ಲಲಿತಮ್ಮನವರ ಮೀನುಗಳು ಸತ್ತದ್ದು ಅವರ ಕೈಗುಣದಿಂದಲ್ಲ, ನನ್ನ ಸುಳ್ಳಿನಿಂದ. ಇದನ್ನು ಮೊದಲೇ ಹೇಳಿಬಿಡುತ್ತೇನೆ — ಯಾರಾದರೂ ಅರ್ಧ ಓದಿ, ಪಾಪ, ಚಿಕ್ಕ ವಯಸ್ಸಿನ ಸೊಸೆ, ಮನೆಯವರಿಗೆ ಹೆದರಿದ್ದಳು ಎಂದು ಕನಿಕರ ತೋರಿಸುವುದು ಬೇಡ. ನಾನು ಹೆದರಿರಲಿಲ್ಲ. ಹೆದರುವ ಪೈಕಿಯೂ ಅಲ್ಲ.

ಇನ್ನೊಂದು ಮಾತು. ನಾನು ಒಪ್ಪಿಕೊಳ್ಳುತ್ತಿರುವುದು ಆ ಒಂದು ಸುಳ್ಳನ್ನು ಮಾತ್ರ. ಮಾವನವರ ಕಣ್ಣು ತಪ್ಪಿಸಿ ಅವರ ಮೀನುಗಳಿಗೆ ಹುಳ ತಿನ್ನಿಸಿದ್ದಕ್ಕೆ ನನಗೆ ಎಳ್ಳಷ್ಟೂ ಪಶ್ಚಾತ್ತಾಪವಿಲ್ಲ. ಅಂಥದೇ ತೊಟ್ಟಿ ತಂದಿಟ್ಟರೆ ಇವತ್ತೂ ತಿನ್ನಿಸುತ್ತೇನೆ.

ಎಂಬತ್ತರ ದಶಕದ ನಡುವಿನ ಮಾತು. ನಾನು ಮದುವೆಯಾಗಿ ಬಸವೇಶ್ವರನಗರದ ಮನೆಗೆ ಬಂದಾಗ ಸುತ್ತ ಅರ್ಧಕ್ಕರ್ಧ ಸೈಟುಗಳು ಖಾಲಿಯಿದ್ದವು. ಮನೆಯ ಹಾಲಿನಲ್ಲಿ ಒಂದು ಗಾಜಿನ ತೊಟ್ಟಿ. ಮಾವನವರು ಸರ್ಕಾರಿ ಕಚೇರಿಯಿಂದ ನಿವೃತ್ತರಾದಾಗ ಕೈಕೆಳಗಿನವರು ಸೇರಿ ಕೊಟ್ಟ ಉಡುಗೊರೆ. ಅದರಲ್ಲಿ ಪಟ್ಟೆಪಟ್ಟೆಯ ಏಂಜಲ್ ಮೀನು, ಬಾಲದಲ್ಲಿ ಕತ್ತಿಯಂಥ ಗರಿಯಿರುವ ಕೆಂಪು ಮೀನು. ಜೊತೆಗೆ ಒಂದು ಡಬ್ಬಿ ಆಹಾರವೂ ಬಂದಿತ್ತು. ಅದರಲ್ಲಿ ಒಣಗಿದ ಸೀಗಡಿ ಇದೆ ಎಂದು ಯಾರೋ ಹೇಳಿದ್ದೇ ತಡ, ಮಾವನವರು ಡಬ್ಬಿಯನ್ನು ಚರಂಡಿಗೆ ಸುರಿದು ಸ್ನಾನ ಮಾಡಿದರಂತೆ. ನಮ್ಮ ಮನೆಯಲ್ಲಿರುವ ಜೀವ ನಾವು ತಿನ್ನುವುದನ್ನೇ ತಿನ್ನಬೇಕು — ಇದು ಅವರ ಕಾನೂನು. ಅನ್ನದ ಅಗುಳು, ಚಪಾತಿ ಹಿಟ್ಟಿನ ಸಣ್ಣ ಉಂಡೆ. ಏಕಾದಶಿ ಬಂದರೆ ಮೀನಿಗೂ ಉಪವಾಸ. ನಗಬೇಡಿ, ನಿಜ.

ಅವು ಒಂದೊಂದಾಗಿ ಬಣ್ಣಗೆಟ್ಟು ಸಾಯುತ್ತಿದ್ದವು. ಮಾವನವರು ಹೊಸದು ತಂದು ಬಿಡುತ್ತಿದ್ದರು. ಸಾಲದ್ದಕ್ಕೆ ಊಟ ಹಾಕುವ ಕೆಲಸವನ್ನು ನನ್ನ ಕುತ್ತಿಗೆಗೆ ಕಟ್ಟಿದರು. ಆ ಮನೆಯಲ್ಲಿ ಆಗಲೇ ನನ್ನ ಸಾರಿಗೆ ಉಪ್ಪು ಹೆಚ್ಚು, ನನ್ನ ಬಾಯಿಗೆ ಮಾತು ಹೆಚ್ಚು ಎಂದಾಗಿತ್ತು. ಇನ್ನು ಮೀನು ಸತ್ತರೆ ಅದೂ ನನ್ನ ಲೆಕ್ಕಕ್ಕೇ ಬರುತ್ತಿತ್ತು.

ಆಗ ಅವರೆಕಾಯಿ ಕಾಲ. ಪಕ್ಕದ ಮನೆಯ ಲಲಿತಮ್ಮ ದಿನಾ ಮಧ್ಯಾಹ್ನ ಮೊರ ಹಿಡಿದು ನಮ್ಮ ಹಿತ್ತಿಲ ಮೆಟ್ಟಿಲಿಗೆ ಬರುತ್ತಿದ್ದರು. ಇಬ್ಬರೂ ಕೂತು ಸುಲಿಯುತ್ತಿದ್ದೆವು. ಅವರೆಕಾಯಿ ಎಂದ ಮೇಲೆ ಹುಳ ಇದ್ದದ್ದೇ. ನಾನು ಹುಳ ಕಂಡ ಕಾಯಿಯನ್ನು ಹಾಗೇ ಎಸೆಯುವವಳು. ಲಲಿತಮ್ಮ ಮಾತ್ರ ಒಂದೊಂದನ್ನೂ ಮೆಲ್ಲಗೆ ಆರಿಸಿ ಹರಳೆಲೆಯ ಮೇಲೆ ಬಿಡುತ್ತಿದ್ದರು. ಅವುಗಳನ್ನು ಮನೆ ಮುಂದಿನ ಬೇಲಿಯ ಗಿಡಕ್ಕೆ ಬಿಟ್ಟು ಬರುವುದು ನನ್ನ ಪಾಲು.

ಒಂದು ದಿನ ಆ ಎಲೆ ಹಿಡಿದು ಹಾಲಿನ ಮೂಲಕ ಹೋಗುತ್ತಿದ್ದವಳು ತೊಟ್ಟಿಯ ಹತ್ತಿರ ನಿಂತೆ. ಏನನ್ನಿಸಿತೋ — ಒಂದು ಪುಟ್ಟ ಹಸಿರು ಹುಳವನ್ನು ನೀರಿಗೆ ಹಾಕಿದೆ. ಮೂಲೆಯಲ್ಲಿ ಜೋಮು ಹಿಡಿದಂತೆ ನಿಂತಿದ್ದ ಏಂಜಲ್ ಮೀನು ಅದರ ಮೇಲೆ ಬಿದ್ದ ರಭಸ ನೋಡಿ ನಾನೇ ಹಿಂದೆ ಸರಿದೆ. ಇನ್ನೊಂದು ಹಾಕಿದೆ. ಮತ್ತೊಂದು. ಅವು ಹಸಿದಿದ್ದವು ಕಣ್ರೀ! ತಟ್ಟೆ ತುಂಬ ಅನ್ನವಿದ್ದೂ ಹಸಿದಿದ್ದವು. ನನಗೆ ಮಾವನವರ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ಅಲ್ಲಿಂದ ಶುರುವಾಯಿತು. ಹುಳ ಸಿಗದ ದಿನ ಗುಲಾಬಿ ಚಿಗುರಿನ ಹೇನು ಉದುರಿಸಿ ಹಾಕಿದೆ, ಹಿತ್ತಿಲ ಡ್ರಮ್ಮಿನಿಂದ ಸೊಳ್ಳೆಮರಿ ಸೋಸಿ ಹಾಕಿದೆ. ಏಕಾದಶಿಯ ದಿನವಂತೂ ಒಂದು ಹಿಡಿ ಜಾಸ್ತಿಯೇ. ಮೀನುಗಳು ಮಿರಮಿರ ಮಿಂಚತೊಡಗಿದವು. ಕೆಂಪು ಮೀನು ಮರಿ ಹಾಕಿತು. ಮಾವನವರ ಸಂಭ್ರಮ ಹೇಳತೀರದು. ಬಂದವರನ್ನೆಲ್ಲ ತೊಟ್ಟಿಯ ಮುಂದೆ ನಿಲ್ಲಿಸಿ ಸಾತ್ವಿಕ ಆಹಾರದ ಮಹಿಮೆ ವಿವರಿಸುವರು. ಕೊನೆಗೊಂದು ಮಾತು ಸೇರಿಸುವರು:

"ನಮ್ಮ ಸೊಸೆ ಕೈಗುಣ. ಅವಳು ಹಾಕಿದ್ದು ಮೂಕಪ್ರಾಣಿಗೂ ಒಗ್ಗುತ್ತೆ."

ಆ ಮನೆಯಲ್ಲಿ ನನ್ನ ಬಗ್ಗೆ ಹೊರಟ ಮೊದಲ ಒಳ್ಳೆಯ ಮಾತು ಅದು. ಸುಳ್ಳೆಂದು ಗೊತ್ತಿದ್ದೂ ನನಗೆ — ಹೇಳಿಬಿಡುತ್ತೇನೆ — ಬಹಳ ರುಚಿಸಿತು.

ಲಲಿತಮ್ಮನ ವಿಷಯ ಹೇಳಬೇಕು. ನನಗಿಂತ ಹತ್ತು ವರ್ಷಕ್ಕೆ ದೊಡ್ಡವರು. ಎರಡು ಮಕ್ಕಳು ಹುಟ್ಟಿ ಎರಡೂ ಬಾಣಂತನದಲ್ಲೇ ಹೋಗಿದ್ದವು. ಬೀದಿಯಲ್ಲಿ ಸೀಮಂತವಾದರೆ ಅವರನ್ನು ಕರೆಯುತ್ತಿದ್ದರು, ಆರತಿ ತಟ್ಟೆ ಮಾತ್ರ ಕೊಡುತ್ತಿರಲಿಲ್ಲ. ಕೆಂಗೇರಿಯಲ್ಲಿದ್ದ ಅವರ ಅಣ್ಣನಿಗೆ ಮೂರು ಹೆಣ್ಣುಮಕ್ಕಳು. ಕೊನೆಯವಳಾದ ಕವಿತಾಳನ್ನು ತಂಗಿಗೆ ಕೊಡಲು ಆತ ಒಪ್ಪಿದ್ದ. ಲಲಿತಮ್ಮ ಆ ಮಗುವಿಗೆ ಹಳದಿ ಫ್ರಾಕು ಹೊಲಿದಿಟ್ಟಿದ್ದರು. ಆದರೂ ಕರೆತರಲು ಧೈರ್ಯ ಸಾಲದು.

ನಮ್ಮ ಮೀನು ಮರಿ ಹಾಕಿದ ಸುದ್ದಿ ಕೇಳಿ ಬಂದರು. ಉಪ್ಪಿನಕಾಯಿಯ ದೊಡ್ಡ ಗಾಜಿನ ಭರಣಿ ತೊಳೆದು ತಂದಿದ್ದರು.

"ನಾಲ್ಕು ಮರಿ ಕೊಡೇ. ನನ್ನ ಕೈಲಿ ಇವು ಉಳಿದ್ರೆ ಕವಿತಾನ ಕರ್ಕೊಂಡ್ ಬರ್ತೀನಿ. ನೀನೇನ್ ಹಾಕ್ತೀಯ ಹೇಳು, ನಾನೂ ಅದನ್ನೇ ಹಾಕ್ತೀನಿ."

ಮಾವನವರು ಮನೆಯಲ್ಲಿರಲಿಲ್ಲ, ಸೀಮೆಎಣ್ಣೆ ಸಾಲಿನಲ್ಲಿ ನಿಲ್ಲಲು ಹೋಗಿದ್ದರು. ಅತ್ತೆ ಮಲಗಿದ್ದರು. ಕೇಳಿಸಿಕೊಳ್ಳುವವರು ಯಾರೂ ಇರಲಿಲ್ಲ. ಒಂದು ಮಾತು ಹೇಳಬಹುದಿತ್ತು — ಲಲಿತಮ್ಮ ಯಾರಿಗೂ ಬಾಯಿ ಬಿಡುತ್ತಿರಲಿಲ್ಲ, ಅದೂ ನನಗೆ ಗೊತ್ತಿತ್ತು.

"ಅನ್ನ, ಚಪಾತಿ ಹಿಟ್ಟು. ಇನ್ನೇನಿಲ್ಲ," ಎಂದೆ.

ಏಕೆ? ಎಷ್ಟೋ ವರ್ಷ ಇದನ್ನೇ ಕೇಳಿಕೊಂಡಿದ್ದೇನೆ. ಹುಳ ಹಾಕಿದರೆ ಯಾರ ಕೈಯಲ್ಲಾದರೂ ಮೀನು ಬದುಕುತ್ತದೆ. ಹಾಗೆಂದು ಒಬ್ಬರಿಗೆ ಹೇಳಿದರೂ ನನ್ನ ಕೈಗುಣ ಎಂಬುದು ಮುಗಿಯಿತು. ಅಷ್ಟೇ. ಇದಕ್ಕಿಂತ ದೊಡ್ಡ ಕಾರಣವನ್ನು ನಾನು ಕಟ್ಟುವುದಿಲ್ಲ.

ಆಮೇಲೂ ಸಮಯವಿತ್ತು. ಅವರ ಮನೆಗೆ ಹೋದಾಗಲೆಲ್ಲ ಭರಣಿ ನೋಡುತ್ತಿದ್ದೆ. ನೀರು ದಿನಾ ಬದಲಾಯಿಸುತ್ತಿದ್ದರು. ಅಗುಳನ್ನು ಬೆರಳಲ್ಲಿ ಹಿಸುಕಿ ನುಣ್ಣಗೆ ಮಾಡಿ ಹಾಕುತ್ತಿದ್ದರು. ಮರಿಗಳ ಜೊತೆ ಮಾತಾಡುತ್ತಿದ್ದರು. ಮರಿಗಳು ಮಂಕಾಗುತ್ತಿದ್ದವು. ನಾಳೆ ಒಂದು ಚಿಟಿಕೆ ಸೊಳ್ಳೆಮರಿ ತಂದು ಹಾಕಿದರಾಯಿತು ಎಂದುಕೊಳ್ಳುತ್ತಿದ್ದೆ. ನಾಳೆ, ನಾಳೆ — ಅಷ್ಟರಲ್ಲಿ ಭರಣಿ ಖಾಲಿಯಾಯಿತು.

ಅವರು ಅಳಲಿಲ್ಲ. ಭರಣಿಯನ್ನು ಬಿಸಿಲಿಗೆ ಬೋರಲು ಹಾಕಿ ಹೇಳಿದರು: "ನನ್ನ ಕೈಗೆ ಜೀವ ಒಗ್ಗಲ್ಲ ಕಣೇ. ಅಣ್ಣಂಗೆ ಮಗು ಬೇಡ ಅಂತ ಹೇಳಿ ಕಳಿಸ್ದೆ."

ನಾನು ಅವರ ಎದುರಿಗೇ ನಿಂತಿದ್ದೆ. ನಾಲಿಗೆ ನೆಟ್ಟಗಿತ್ತು. ಸುಮ್ಮನಿದ್ದೆ.

ಎರಡು ವರ್ಷಕ್ಕೆ ನನ್ನ ಮಗಳು ಹುಟ್ಟಿದಳು. ಅವಳು ನಡೆಯುವ ಹೊತ್ತಿಗೆ ಲಲಿತಮ್ಮ ಆ ಹಳದಿ ಫ್ರಾಕನ್ನು ಕೆಲಸದವಳ ಕೈಯಲ್ಲಿ ಕಳಿಸಿದರು, ತಾವು ಬರಲಿಲ್ಲ. ನನ್ನ ಮಗಳು ಅದನ್ನು ಹಾಕಿಕೊಂಡು ಬೀದಿಯೆಲ್ಲ ಓಡಾಡಿದಳು. ನಾನೇ ಗುಂಡಿ ಹಾಕಿ ಕಳಿಸುತ್ತಿದ್ದೆ.

ಮಾವನವರು ತಮ್ಮ ಮೀನುಗಳು ಶುದ್ಧ ಸಸ್ಯಾಹಾರಿಗಳೆಂದು ನಂಬಿಕೊಂಡೇ ಕಣ್ಣು ಮುಚ್ಚಿದರು. ಅವರು ನಂಬಿಕೊಂಡಿರಲಿ, ಅದರಿಂದ ಯಾರ ಮನೆಯೂ ಬರಿದಾಗಲಿಲ್ಲ. ಲಲಿತಮ್ಮ ಗಂಡ ತೀರಿಕೊಂಡ ಮೇಲೆ ಕೆಂಗೇರಿಗೆ, ಅಣ್ಣನ ಮನೆಯ ಹತ್ತಿರಕ್ಕೇ ಹೋದರು.

ಈ ವರ್ಷ ಮೊಮ್ಮಗಳ ನಾಮಕರಣಕ್ಕೆ ಕರೆದಿದ್ದೆ, ಬಂದಿದ್ದರು. ಹೆಂಗಸರೆಲ್ಲ ಮಗುವನ್ನು ಒಬ್ಬರ ಕೈಯಿಂದ ಒಬ್ಬರು ಎತ್ತಿಕೊಳ್ಳುತ್ತಿದ್ದರು. ಅವರ ಸರದಿ ಬಂದಾಗ ಎರಡೂ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡರು. ಇಷ್ಟು ವರ್ಷವಾದ ಮೇಲೂ. ಆ ವಾರವೇ ಕೆಂಗೇರಿಗೆ ಹೋದೆ.

ಕುಳಿತವಳೇ ಹೇಳಿದೆ, ಪೀಠಿಕೆ ಹಾಕಲಿಲ್ಲ, ಅತ್ತುಕರೆಯಲೂ ಇಲ್ಲ. ಅತ್ತರೆ ಅವರೇ ನನ್ನನ್ನು ಸಮಾಧಾನ ಮಾಡಬೇಕಾಗುತ್ತಿತ್ತು, ಆ ಅನ್ಯಾಯವನ್ನೂ ಮಾಡಲು ಮನಸ್ಸಿರಲಿಲ್ಲ. ಹುಳ ಹಾಕುತ್ತಿದ್ದೆ, ನಿಮಗೆ ಅನ್ನ ಎಂದು ಸುಳ್ಳು ಹೇಳಿದೆ, ನಿಮ್ಮ ಕೈಯದೇನೂ ತಪ್ಪಿರಲಿಲ್ಲ ಎಂದೆ.

ಅವರು ಮೊದಲು ಕೇಳಿದ್ದು ಇದು:

"ಯಾವ ಹುಳ?"

"ಅವರೆಕಾಯಿದು."

"ಮೆಟ್ಟಿಲ ಮೇಲೆ ಕೂತು ನಾನು ಆರಿಸಿಡ್ತಿದ್ನಲ್ಲ, ಅವಾ?"

ಹೌದು ಎಂದೆ. ಅಲ್ಲಿಯತನಕ ನನಗೇ ಅದು ಹೊಳೆದಿರಲಿಲ್ಲ. ನಮ್ಮ ತೊಟ್ಟಿಯ ಮೀನುಗಳನ್ನು ಮೊದಲು ಬದುಕಿಸಿದ್ದು ಅವರ ಕೈ.

ಬೈಯುತ್ತಾರೆಂದು ಕಾದೆ. ಬೈಯಲಿಲ್ಲ. ಹೊರಗೆ ಗೇಟು ಸದ್ದಾಯಿತು. ಸೊಪ್ಪಿನ ಚೀಲ ಹಿಡಿದು, ತಲೆಗೂದಲು ಆಗಲೇ ನರೆಯಲು ಶುರುವಾಗಿದ್ದ ಹೆಂಗಸೊಬ್ಬಳು ಒಳಗೆ ಬಂದಳು. ಅತ್ತೇ, ಯಾರು ಬಂದಿದ್ದಾರೆ ಎಂದು ಬಾಗಿಲಿನಿಂದಲೇ ಕೇಳಿದಳು.

ಲಲಿತಮ್ಮ ಅವಳ ಕಡೆ ನೋಡಲಿಲ್ಲ. ನನಗೆ ಮಾತ್ರ ಕೇಳುವಷ್ಟು ಮೆಲ್ಲಗೆ ಹೇಳಿದರು:

"ಕವಿತಾ. ನನ್ನನ್ನ ಅತ್ತೆ ಅಂತಾಳೆ."