ಹೊಂಗೆಮರದ ಕೆಳಗಿನ ಒಲೆ

ಯುದ್ಧದ ಕಾಲ. ಪೆಟ್ರೋಲಿಗೆ ಬರ ಬಂದು ಬಸ್ಸುಗಳೆಲ್ಲ ಇದ್ದಿಲಿನಿಂದ ಓಡುತ್ತಿದ್ದವು. ಮುಖಕ್ಕೆಲ್ಲ ಮಸಿ ಮೆತ್ತಿಕೊಂಡು ನಾವು ದೇವನಹಳ್ಳಿಯಾಚೆಯ ಆ ಹಳ್ಳಿಯಲ್ಲಿ ಇಳಿದಾಗ ಹೊತ್ತು ನೆತ್ತಿಗೇರಿತ್ತು. ನಮ್ಮವರಿಗೆ ಅಲ್ಲಿನ ಶಾಲೆಗೆ ವರ್ಗವಾಗಿತ್ತು. ಮೈಸೂರಿನಲ್ಲೇ ಹುಟ್ಟಿ ಬೆಳೆದ ನನಗೆ ಹಳ್ಳಿಯೆಂದರೆ ಮೂಗು ಮುರಿಯುವ ಚಟ. ಐದು ವರ್ಷದ ಮಗಳು, ಕಂಕುಳಲ್ಲಿ ಮಗ. ಇಬ್ಬರೂ ಹಸಿವು ಹಸಿವು ಎಂದು ಪ್ರಾಣ ತಿನ್ನುತ್ತಿದ್ದರು.

ನಮಗೆ ಸಿಕ್ಕಿದ್ದು ಅರ್ಧ ಮನೆ. ಇನ್ನರ್ಧದಲ್ಲಿ ಮನೆಯೊಡತಿ ಅಜ್ಜಿ ಇದ್ದಳು. ನಡುವಿನ ಗೋಡೆ ಸೂರು ಮುಟ್ಟದೆ ಆಳೆತ್ತರಕ್ಕೇ ನಿಂತಿತ್ತು. ಅಜ್ಜಿ ತೋಟಕ್ಕೆ ಹೋಗಿದ್ದಳು. ಯಾರನ್ನೂ ಕೇಳದೆ ಒಲೆ ಹಚ್ಚಿ ಅನ್ನ, ಸಾರು ಮಾಡಿದೆ. ಇಂಗು, ಒಣಮೆಣಸಿನಕಾಯಿ ಹಾಕಿ ಒಗ್ಗರಣೆ ಕೊಟ್ಟೆನೋ ಇಲ್ಲವೋ, ಹಿಪ್ಪುನೇರಳೆ ಸೊಪ್ಪಿನ ಹೊರೆಯನ್ನು ಬಾಗಿಲಲ್ಲೇ ಬಿಸಾಕಿ ಓಡಿಬಂದ ಅಜ್ಜಿ ನನ್ನ ಒಲೆಗೆ ಒಂದು ಬಿಂದಿಗೆ ನೀರು ಸುರಿದುಬಿಟ್ಟಳು!

"ಹುಳ ಸತ್ತೋಯ್ತವೆ ಕಣವ್ವಾ! ಮೇಷ್ಟ್ರಿಗೆ ಹೇಳಿದ್ನಲ್ಲಾ!"

ಗೋಡೆಯಾಚೆ ತಟ್ಟೆ ತಟ್ಟೆ ರೇಷ್ಮೆಹುಳು. ಹೊಗೆ, ಒಗ್ಗರಣೆಯ ಘಾಟು ಅವಕ್ಕೆ ಆಗದಂತೆ. ಮನೆ ಗೊತ್ತು ಮಾಡುವಾಗಲೇ ಅಜ್ಜಿ ಹೇಳಿದ್ದಳು, ನಮ್ಮವರು ಮರೆತಿದ್ದರು. ಕಾರಣ ತಿಳಿದರೇನು ಬಂತು? ಹೊಸ ಮನೆಯ ಮೊದಲ ಒಲೆಗೇ ನೀರು! ನನಗೆ ಸಿಟ್ಟು, ಅಳು ಎರಡೂ ಒಟ್ಟಿಗೇ ಬಂದವು.

"ನನಗೂ ಈ ಮನೆಗೂ ಋಣವಿಲ್ಲ. ನಾಳೆ ಬಸ್ಸಿಗೇ ಮಕ್ಕಳನ್ನ ಕರ್ಕೊಂಡು ಮೈಸೂರಿಗೆ ಹೊರಡ್ತೀನಿ" ಎಂದೆ.

ಊರಿನಲ್ಲಿ ಬೇರೆ ಮನೆ ಖಾಲಿಯಿರಲಿಲ್ಲ. ನಮ್ಮವರು ಮುಖ ಸಣ್ಣದು ಮಾಡಿಕೊಂಡು, "ಹುಳ ಗೂಡು ಕಟ್ಟೋವರೆಗೂ ನೋಡು. ಆಮೇಲೂ ಬೇಡ ಅನ್ನಿಸಿದ್ರೆ ನಾನೇ ಬಿಟ್ಟುಬರ್ತೀನಿ" ಎಂದರು. ಒಪ್ಪಿದೆ. ಆದರೆ ನನ್ನ ಸೀರೆಪೆಟ್ಟಿಗೆಗೆ ಬಿಗಿದ ಹಗ್ಗ ಬಿಚ್ಚಲಿಲ್ಲ. ಹೊರಗೆ ಇಟ್ಟುಕೊಂಡಿದ್ದ ಎರಡೇ ಸೀರೆಯಲ್ಲಿ ಕಾಲ ಹಾಕಿದೆ.

ಅಜ್ಜಿ ಗಾಳಿಯ ದಿಕ್ಕು ನೋಡಿ ಹಿತ್ತಿಲ ತುದಿಯ ಹೊಂಗೆಮರದ ಕೆಳಗೆ ಮೂರು ಕಲ್ಲು ಹೂಡಿಕೊಟ್ಟಳು. ಬಾವಿಯ ದಾರಿ ಅದರ ಪಕ್ಕದಲ್ಲೇ. ನನ್ನ ಅಡುಗೆ ಊರಿಗೆಲ್ಲ ನಾಟಕವಾಯಿತು. ಕೊಡ ಹೊತ್ತ ಹೆಂಗಸರು ನಿಂತು ಪಾತ್ರೆಯೊಳಗೇ ಇಣುಕುವರು.

"ಏನ್ ಸಾರು ಮೇಷ್ಟ್ರಮ್ಮಾ?"

"ತೊಗರಿಬೇಳೇದು."

"ಅಯ್ಯೋ, ಬರೀ ಬೇಳೆ ನೀರಾ? ತಡೀರಿ, ಸೊಪ್ಪು ತತ್ತೀನಿ."

ನನಗೆ ಮೈಯೆಲ್ಲ ಉರಿಯುತ್ತಿತ್ತು. ನನ್ನ ಸಾರಿನ ಚಿಂತೆ ಇವರಿಗೇಕೆ? ಆದರೆ ಆ ಸೊಪ್ಪು ಬಿದ್ದ ದಿನ ಮಗಳು ಮತ್ತೆ ಮತ್ತೆ ಬಡಿಸಿಕೊಂಡಳು. ಹಸಿ ಸೌದೆ ಊದಿ ಊದಿ ಕಣ್ಣು ಕೆಂಪಾಗಿ ಕೂತಿದ್ದಾಗ ಒಬ್ಬಾಕೆ ನನ್ನನ್ನು ಪಕ್ಕಕ್ಕೆ ತಳ್ಳಿ, ಒಣ ಹಿಪ್ಪುನೇರಳೆ ಕಡ್ಡಿ ಒಟ್ಟಿ ಕ್ಷಣದಲ್ಲಿ ಉರಿ ಎಬ್ಬಿಸಿದಳು. ಮಗನನ್ನು ಯಾರು ಎತ್ತಿಕೊಂಡು ಹೋದರು, ಯಾರ ಮನೆಯ ತೊಟ್ಟಿಲಲ್ಲಿ ಮಲಗಿದ್ದಾನೆ ಎಂದು ಕೇಳುವುದನ್ನೇ ಬಿಟ್ಟೆ. ಊಟದ ಹೊತ್ತಿಗೆ ಯಾರದೋ ಸೊಂಟದ ಮೇಲೆ ವಾಪಸು ಬರುತ್ತಿದ್ದ.

ಮಗಳು ಅಜ್ಜಿಯ ಬಾಲವಾದಳು. ಹುಳು ಮೇವು ಬಿಟ್ಟು ಹಣ್ಣಾಗಿ, ಗೂಡು ಕಟ್ಟಲು ಅವನ್ನು ಚಂದ್ರಿಕೆಯೆಂಬ ಬಿದಿರಿನ ತಟ್ಟಿಗೆ ಬಿಡುವ ದಿನ ಬೀದಿಯೇ ಅಲ್ಲಿ ನೆರೆದಿತ್ತು. ಹುಳು ಕಂಡರೆ ಕಿರುಚುತ್ತಿದ್ದ ನಾನೂ ಹಣ್ಣಾದವನ್ನು ಆರಿಸಲು ಕೂತೆ. ಕಿರುಚಿದೆ ಕೂಡ. ಎಲ್ಲರೂ ನಕ್ಕರು.

ಗೂಡು ಮಾರಾಟವಾದ ಮರುದಿನ ಅಜ್ಜಿ ಕೆಂಡ ತುಂಬಿದ ಮಡಕೆಚೂರು ಹಿಡಿದು ನನ್ನ ಅಡುಗೆಮನೆಗೆ ಬಂದಳು.

"ಅವತ್ತು ಒಲೆ ಆರಿಸ್ದೋಳೂ ನಾನೇ, ಇವತ್ತು ಹಚ್ಚೋಳೂ ನಾನೇ. ಹಾಕವ್ವಾ ಒಗ್ಗರಣೆ, ಊರೆಲ್ಲಾ ಸೀನ್ಲಿ!"

ಹಾಕಿದೆ. ಅಜ್ಜಿ ಸೀನುತ್ತಲೇ ಎರಡು ಸಲ ಸಾರು ಹಾಕಿಸಿಕೊಂಡಳು. ನಮ್ಮವರು ಮೂಲೆಯ ಪೆಟ್ಟಿಗೆ ನೋಡಿದರು, ನನ್ನನ್ನು ನೋಡಿದರು.

ಮಾರನೆಯ ಬೆಳಿಗ್ಗೆ ಒಳಗಿನ ಒಲೆಯ ಮುಂದೆ ಕೂತೆ. ಬೇಳೆ ಕುದಿಯುತ್ತಿತ್ತು. ಏನ್ ಸಾರು ಎಂದು ಕೇಳುವವರಿಲ್ಲ. ಬಾವಿಯ ದಾರಿಯಲ್ಲಿ ಬಳೆಗಳ ಸದ್ದು, ನಗು. ತಡೆಯಲಾಗಲಿಲ್ಲ. ಪಾತ್ರೆಯನ್ನು ಹಾಗೇ ಇಕ್ಕಳದಲ್ಲಿ ಹಿಡಿದು ಹೊಂಗೆಮರದ ಕೆಳಗೆ ಹೋದೆ.

"ಒಳಗೆ ಒಲೆ ಐತಲ್ಲವ್ವಾ?" ಎಂದಳು ಅಜ್ಜಿ.

"ಇದೆ ಅಜ್ಜಿ. ಅಲ್ಲಿ ನನ್ನ ಮಾತಾಡಿಸೋರು ಯಾರು?"

ಅವತ್ತು ಮಧ್ಯಾಹ್ನ ಪೆಟ್ಟಿಗೆಯ ಹಗ್ಗ ಬಿಚ್ಚಿ, ಸೀರೆಗಳನ್ನೆಲ್ಲ ತೆಗೆದು ಆ ನಡುಗೋಡೆಯ ಮೇಲೇ ಹರವಿದೆ.